ಅಂಟಿದ್ದೆಲ್ಲ ನಂಟಲ್ಲ: ಮದ್ದುಸೊಪ್ಪಿನ ರಸ ಮತ್ತು ಪ್ರೋಟೀನು

ಕಕ್ಕಡ 18ಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಕೊಡಗಿನ ಮನೆಗಳಲ್ಲಿ ಮದ್ದುಸೊಪ್ಪು ಕುದಿಯುತ್ತದೆ. ಅದರ ನೇರಳೆ ರಸದಲ್ಲಿ ಪಾಯಸ ಮಾಡುತ್ತಾರೆ. ಅದೇ ಸೊಪ್ಪು ಕಾಲೇಜಿನ ಪ್ರಾಜೆಕ್ಟಿಗೂ ಬರುತ್ತದೆ. ರಸವನ್ನು ಕಿಣ್ವಕ್ಕೆ (ರಾಸಾಯನಿಕ ಕ್ರಿಯೆಯನ್ನು ಚುರುಕಾಗಿಸುವ ಪ್ರೋಟೀನಿಗೆ) ಹಾಕಿ, ಕಿಣ್ವದ ಕೆಲಸ ನಿಂತರೆ ‘ಇದರಲ್ಲೊಂದು ಔಷಧದ ಅಣುವಿದೆ’ ಎಂದು ವರದಿ ಬರೆದುಬಿಡುವುದು ಸುಲಭ. ಪ್ರೋಟೀನಿಗೆ ಏನು ಅಂಟುತ್ತದೆ ಎಂದು ಹುಡುಕುವ ಕೆಲಸದಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

ಹಸಿ ಅಡಿಕೆ ಜಗಿದಾಗ ನಾಲಿಗೆ ಬಿಗಿಯುತ್ತದಲ್ಲ, ಆ ಒಗರು ಏನು? ಅಡಿಕೆಯ ಟ್ಯಾನಿನ್‌ಗಳು ಜೊಲ್ಲಿನ ಪ್ರೋಟೀನುಗಳಿಗೆ ಅಂಟಿ ಅವನ್ನು ಗಂಟುಕಟ್ಟಿಸುತ್ತವೆ. ಟ್ಯಾನಿನ್ನಿನಂಥ ಈ ಬಗೆಯ ಅಣುಗಳು, ಅಂದರೆ ಫಿನಾಲುಗಳು, ಬಹುತೇಕ ಎಲ್ಲ ಎಲೆಗಳ ರಸದಲ್ಲೂ ಇರುತ್ತವೆ. ಅವು ಪ್ರೋಟೀನಿನ ಒಂದು ನಿರ್ದಿಷ್ಟ ಕುಳಿಯನ್ನು ಹುಡುಕಿಕೊಂಡು ಹೋಗುವುದಿಲ್ಲ, ಸಿಕ್ಕಲ್ಲಿ ಅಂಟುತ್ತವೆ. ಪರೀಕ್ಷಾ ನಳಿಕೆಯಲ್ಲಿ ಕಿಣ್ವ ನಿಂತದ್ದು ಬರೀ ಒಗರಿನಿಂದಲೂ ಇರಬಹುದು.

ಪ್ರೋಟೀನನ್ನು ಕತ್ತರಿಸುವ ಜೀರ್ಣಕಿಣ್ವ ಟ್ರಿಪ್ಸಿನ್‌ನ ಉದಾಹರಣೆ ತೆಗೆದುಕೊಳ್ಳೋಣ. 1 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ ಮಂಜುಗಡ್ಡೆಯ ಮೇಲಿಡಬೇಕು, ಇಲ್ಲದಿದ್ದರೆ ಅದು ತನ್ನನ್ನೇ ಕತ್ತರಿಸಿಕೊಳ್ಳುತ್ತದೆ. ಪಿಎಚ್ 8ರಲ್ಲೇ ನಿಲ್ಲಿಸುವ 50 ಮಿಲಿಮೋಲಾರ್ ಟ್ರಿಸ್ ಬಫರ್‌ನಲ್ಲಿ ಬಾಪ್ನಾ (ಟ್ರಿಪ್ಸಿನ್ ಕತ್ತರಿಸಿದಾಗ ಬಣ್ಣ ಬಿಡುವ ರಾಸಾಯನಿಕ) ಹಾಕಿದರೆ ಹಳದಿ ಬಣ್ಣ ಹುಟ್ಟುತ್ತದೆ, ಅದನ್ನು 410 ನ್ಯಾನೋಮೀಟರ್‌ನಲ್ಲಿ ಅಳೆಯುತ್ತಾರೆ. ಮೊದಲ ಮೋಸ ಇಲ್ಲೇ: ರಸದ ಬಣ್ಣವೂ ಅಲ್ಲಿ ಬೆಳಕು ಹೀರುತ್ತದೆ. ಕಿಣ್ವವಿಲ್ಲದ ರಸವನ್ನು ಬೇರೆಯಾಗಿ ಅಳೆಯಿರಿ. ಹತ್ತು ನಿಮಿಷದ ಕೊನೆಯ ಅಂಕಿಯೊಂದನ್ನೇ ನೋಡದೆ ಏರಿಕೆಯ ವೇಗ ನೋಡಿ. ಒಟ್ಟು ಹೀರಿಕೆ 2 ದಾಟಿದರೆ ಆ ಓದನ್ನು ನಂಬಬೇಡಿ, ರಸವನ್ನು ತೆಳು ಮಾಡಿ. ರಸ ಬೆರೆಸಿದ ಮೇಲೆ ಪಿಎಚ್ ಕುಸಿದಿದೆಯೇ ಎಂದೂ ನೋಡಬೇಕು. ಟ್ರಿಪ್ಸಿನ್ ನಿಧಾನವಾಗಲು ಅಷ್ಟೇ ಸಾಕು.

ಇಷ್ಟಾದ ಮೇಲೂ ಕಿಣ್ವ ನಿಂತೇ ಇದ್ದರೆ ಒಗರನ್ನು ಹಿಡಿಯಬೇಕು. ಬಫರ್‌ಗೆ 0.01 ಶೇಕಡಾ ಟ್ರೈಟಾನ್ ಎಕ್ಸ್-100 ಎಂಬ ಸಾಬೂನಿನಂಥ ಡಿಟರ್ಜೆಂಟನ್ನು ಮೊದಲೇ ಸೇರಿಸಿ ಮತ್ತೆ ಅಳೆಯಿರಿ. ಕಿಣ್ವ ಎದ್ದು ಕುಳಿತರೆ, ಅದನ್ನು ತಡೆದದ್ದು ಒಂಟಿ ಅಣುವಲ್ಲ, ಅಣುಗಳ ಮುದ್ದೆ. ಆಮೇಲೆ ರಾತ್ರಿ ನೆನೆಸಿದ ಪಿವಿಪಿಪಿ, ಅಂದರೆ ಫಿನಾಲುಗಳನ್ನು ಹಿಡಿದುಕೊಳ್ಳುವ, ನೀರಲ್ಲಿ ಕರಗದ ಪುಡಿ: 1 ಮಿಲಿಲೀಟರ್ ರಸಕ್ಕೆ ಸುಮಾರು 50 ಮಿಲಿಗ್ರಾಂ, ತಣ್ಣಗೆ ಅರ್ಧ ಗಂಟೆ ಅಲುಗಾಡಿಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನಷ್ಟೇ ತೆಗೆದುಕೊಳ್ಳಿ. ಪರಿಣಾಮ ಮಾಯವಾದರೆ ಫಿನಾಲುಗಳ ಮೇಲೆ ಅನುಮಾನ ಗಟ್ಟಿ. ಆದರೆ ನಿಜವಾದ ಫಿನಾಲು ಔಷಧವೂ ಪಿವಿಪಿಪಿಗೆ ಅಂಟಿ ಹೋಗುತ್ತದೆ, ಹಾಗಾಗಿ ಇದೊಂದರ ಮೇಲೆ ತೀರ್ಪು ಬೇಡ. ಅಮೈಲೇಸಿನಂಥ ಸಂಬಂಧವೇ ಇಲ್ಲದ ಕಿಣ್ವವನ್ನೂ ಇಟ್ಟು ನೋಡಿ. ಎಲ್ಲರನ್ನೂ ತಡೆಯುವ ರಸಕ್ಕೆ ಟ್ರಿಪ್ಸಿನ್ ಜೊತೆ ವಿಶೇಷ ನಂಟೇನೂ ಇಲ್ಲ.

ಮಡಿಕೇರಿಯ ಮಳೆಗಾಲದಲ್ಲಿ ಇನ್ನೊಂದು ಕಾಟ. ಒಣಗಿಸಿದ ರಸದ ಪುಡಿ ತೂಗುವಷ್ಟರಲ್ಲಿ ನೀರು ಹೀರಿ ಅಂಟಂಟಾಗುತ್ತದೆ. ಅಣುಗಳನ್ನು ಕರಗಿಸಲು ಬಳಸುವ ದ್ರಾವಕ ಡಿಎಂಎಸ್ಒ ಕೂಡ ತೇವ ಎಳೆದುಕೊಳ್ಳುತ್ತದೆ. ಫ್ರಿಜ್ಜಿನ ಶೀಷೆಯನ್ನು ಕೋಣೆಯ ಬಿಸಿಗೆ ಬರುವ ಮುನ್ನ ತೆರೆಯಲೇಬಾರದು.

ಅಣು ಪ್ರೋಟೀನಿನ ಕುಳಿಯಲ್ಲಿ ಹೇಗೆ ಕೂರಬಹುದೆಂದು ಊಹಿಸುವ ಕಂಪ್ಯೂಟರ್ ಡಾಕಿಂಗ್‌ನ ಅಂಕೆಯನ್ನು ಪುರಾವೆ ಎನ್ನುವವರಿಗೆ ಒಂದು ಮಾತು: ಏನನ್ನೇ ಕೊಟ್ಟರೂ ಅದು ಒಂದು ಅಂಕೆ ಕೊಡುತ್ತದೆ. ಈ ಪರೀಕ್ಷೆಗಳನ್ನು ದಾಟಿ, ಶುದ್ಧವಾಗಿ ಬೇರ್ಪಟ್ಟ ಅಣುವನ್ನು ಮಾತ್ರ ಐಟಿಸಿ ಯಂತ್ರಕ್ಕೆ (ಅಣು ಪ್ರೋಟೀನಿಗೆ ಅಂಟುವಾಗಿನ ಬಿಸಿಯ ಏರಿಳಿತ ಅಳೆಯುವ ಯಂತ್ರಕ್ಕೆ) ಒಯ್ಯಬೇಕು. ಕೋಶದಲ್ಲಿ 20 ಮೈಕ್ರೋಮೋಲಾರ್ ಪ್ರೋಟೀನು, ಸಿರಿಂಜಿನಲ್ಲಿ 200 ಮೈಕ್ರೋಮೋಲಾರ್ ಅಣು, ಇದು ಶುರುವಿಗೆ ಸರಿಯಾದ ಅಳತೆ. ಎರಡರ ಡಿಎಂಎಸ್ಒ ಪ್ರಮಾಣ ಅರ್ಧ ಶೇಕಡಾ ಹೆಚ್ಚುಕಮ್ಮಿಯಾದರೂ ಬೆರೆಯುವ ಬಿಸಿಯೇ ಅಂಟುವಿಕೆಯ ಬಿಸಿಯನ್ನು ಮುಚ್ಚಿಬಿಡುತ್ತದೆ.

ಹರಳು ಬೆಳೆಸಿ ರಚನೆ ನೋಡುವುದು ಕೊನೆಯ ಹಂತ. ತೀವ್ರ ಎಕ್ಸ್‌ರೇ ಕೊಡುವ ಇಂದೋರಿನ ಸಿಂಕ್ರೊಟ್ರಾನ್ ಯಂತ್ರ ಇಂಡಸ್-2ರಲ್ಲಿ ಪ್ರೋಟೀನು ಹರಳುಗಳಿಗೇ ಮೀಸಲಾದ ಎಕ್ಸ್‌ರೇ ಕಿರಣಮಾರ್ಗವಿದೆ. ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಕೊಟ್ಟ ನಕ್ಷೆ ಪ್ರೋಟೀನಿನ ಬೆನ್ನೆಲುಬಿನ ಕೋನಗಳು ಸರಿಯಿವೆಯೇ ಎಂದು ಹೇಳುತ್ತದೆ. ಕುಳಿಯಲ್ಲಿ ಕೂತದ್ದು ನಿಮ್ಮ ಅಣುವೇ ಎಂದು ಅದು ಹೇಳುವುದಿಲ್ಲ. 3 ಆಂಗ್‌ಸ್ಟ್ರಾಮ್‌ನ ಮಸುಕು ಚಿತ್ರದಲ್ಲಿ ಹರಳು ಬೆಳೆಸಲು, ಕಾಪಾಡಲು ಹಾಕಿದ ಗ್ಲಿಸರಾಲಿನ ಚೂರು, ಪಿಇಜಿಯ ತುಣುಕು ಕೂಡ ಔಷಧದ ವೇಷ ಹಾಕುತ್ತವೆ. ಅಣುವನ್ನು ಮಾದರಿಯಿಂದ ತೆಗೆದು, ಎಕ್ಸ್‌ರೇ ಅಳತೆಯಿಂದ ಸಿಗುವ ಎಲೆಕ್ಟ್ರಾನ್ ಸಾಂದ್ರತೆಯ ನಕ್ಷೆಯನ್ನು ಮತ್ತೆ ಹಾಕಿಸಿ, ಆ ಜಾಗದಲ್ಲಿ ಅದರ ಆಕಾರ ಆಗಲೂ ಉಳಿದಿದೆಯೇ ನೋಡಿ.