ಪೆನ್ನು ಆಮೇಲೆ, ಮೊದಲು ಪರದೆ ಅಳೆಯಿರಿ

ಕರಡು ತಿದ್ದುವುದು ನನ್ನ ಕೆಲಸ. ಪ್ರಕಾಶಕರು ಪಿಡಿಎಫ್ ಕಳಿಸುತ್ತಾರೆ, ನಾನು ಇ-ಇಂಕ್ ಟ್ಯಾಬ್ಲೆಟ್ (ಕಾಗದದಂತೆ ಕಾಣುವ ಪರದೆಯದು) ಮೇಲೆ ಪೆನ್ನಿನಲ್ಲಿ ತಿದ್ದಿ ವಾಪಸ್ ಕಳಿಸುತ್ತೇನೆ. ಹಾಗಾಗಿ ‘ಯಾವುದು ತಗೊಳ್ಳಲಿ?’ ಅಂತ ಕೇಳುವವರು ಜಾಸ್ತಿ. ಎಲ್ಲರೂ ಶುರು ಮಾಡುವುದು ಪೆನ್ನಿನಿಂದಲೇ. ಕಾಗದದ ಮೇಲೆ ಬರೆದ ಹಾಗೇ ಇರುತ್ತಾ? ಹೆಚ್ಚುಕಮ್ಮಿ ಹಾಗೇ ಇರುತ್ತದೆ, ಬಿಡಿ. ನಾನು ತಿರುಗಿ ಕೇಳುವುದು ಒಂದೇ: ಇದರಲ್ಲಿ ಏನು ಓದುತ್ತೀರಿ?

ಇಂಗ್ಲಿಷ್ ಇ-ಪುಸ್ತಕ ಮಾತ್ರ ಅನ್ನುವವರಿಗೆ ತೊಂದರೆಯಿಲ್ಲ. ಅಕ್ಷರ ದೊಡ್ಡದು ಮಾಡಿಕೊಂಡರೆ ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ. ಕನ್ನಡದಲ್ಲಿ ನಮ್ಮ ಕೈಗೆ ಸಿಗುವುದು ಹೆಚ್ಚಾಗಿ ಪಿಡಿಎಫ್. ಹಳೆಯ ಪುಸ್ತಕವಾದರೆ ಸ್ಕ್ಯಾನ್ ಮಾಡಿದ್ದು, ಅಂದರೆ ಪುಟದ ಫೋಟೊ. ಹೊಸದಾದರೆ ಎಷ್ಟೋ ಸಲ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು. ನೋಡಲು ಸರಿಯಾಗಿಯೇ ಕಾಣುತ್ತದೆ. ಆದರೆ ಫೈಲಿನೊಳಗೆ ಇರುವುದು ಎಲ್ಲ ಸಾಧನಗಳಿಗೂ ಅರ್ಥವಾಗುವ ಯೂನಿಕೋಡ್ ಕನ್ನಡ ಅಲ್ಲ. ಅಕ್ಷರ ಹಿಗ್ಗಿಸಲು ಇ-ಪುಸ್ತಕದ ರೂಪವಾದ ಇ-ಪಬ್‌ಗೆ ಬದಲಾಯಿಸಿದರೆ ಬರೀ ಕಲಸುಮೇಲೋಗರ. ಪುಟ ಹೇಗಿದೆಯೋ ಹಾಗೇ ಓದಬೇಕು.

ಆಗ ಅಳತೆಯೇ ಎಲ್ಲ. ನಮ್ಮ ಕಾದಂಬರಿಗಳು ಹೆಚ್ಚಾಗಿ ಡೆಮಿ 1/8, ಅಂದರೆ ಸುಮಾರು 5.5 × 8.5 ಇಂಚು. ಪರದೆಯ ಇಂಚು ಅಳೆಯುವುದು ಮೂಲೆಯಿಂದ ಮೂಲೆಗೆ; 6 ಇಂಚಿನ ಸಾಧನದ ಪರದೆ ಎತ್ತರ 5 ಇಂಚೂ ಇಲ್ಲ. 12 ಪಾಯಿಂಟಿನ ಅಕ್ಷರ 7ಕ್ಕೆ ಇಳಿಯುತ್ತದೆ. ದ ಯಾವುದು, ಹೊಟ್ಟೆ ಸೀಳಿದ ಧ ಯಾವುದು ಗೊತ್ತಾಗುವುದಿಲ್ಲ; ಒತ್ತಕ್ಷರ ಕೆಳಗಿನ ಸಾಲಿಗೆ ಅಂಟಿದ ಮಸಿಚುಕ್ಕೆಯಂತಾಗುತ್ತದೆ. 10.3 ಇಂಚಿನ ಪರದೆಯ ಎತ್ತರ ಹತ್ತಿರ ಹತ್ತಿರ 8.3 ಇಂಚು. ಡೆಮಿ ಪುಟ ಬಹುತೇಕ ಅದೇ ಗಾತ್ರದಲ್ಲಿ ಕೂರುತ್ತದೆ. ಎ4 ಹಾಳೆಯ ಕಡತಗಳೇ ಜಾಸ್ತಿ ಇರುವ ವಕೀಲರು, ಸಂಶೋಧಕರು 13.3 ಇಂಚಿನದು ನೋಡಲಿ. ದುಬಾರಿ, ಭಾರ, ಆದರೂ ಕಣ್ಣಿಗೆ ಸುಖ.

ಎರಡನೆಯದು ಆ್ಯಪ್. ಮೈಲ್ಯಾಂಗ್‌ನಂಥ ಕಡೆ ಕನ್ನಡ ಇ-ಪುಸ್ತಕ ಕೊಳ್ಳುವವರಿಗೆ ಅದರ ಆ್ಯಪ್ ಹಾಕಿಕೊಳ್ಳಲು ಆಂಡ್ರಾಯ್ಡ್ ಸಾಧನ ಬೇಕು. ಕಿಂಡಲ್ ಸಾಲದಾ ಅಂದರೆ, ಅಮೆಜಾನ್ 2016ರಲ್ಲಿ ಕಿಂಡಲ್‌ಗೆ ಐದು ಭಾರತೀಯ ಭಾಷೆಗಳ ಪುಸ್ತಕ ತಂದಾಗ ಅದರಲ್ಲಿ ಕನ್ನಡ ಇರಲಿಲ್ಲ. ರಿಮಾರ್ಕಬಲ್ ಅನ್ನುವ ಇ-ಇಂಕ್ ಟ್ಯಾಬ್ಲೆಟ್‌ನಲ್ಲಿ ಬರೆಯುವುದು ಹಿತ, ಆದರೆ ಹೊರಗಿನ ಆ್ಯಪ್ ಹಾಕಿಕೊಳ್ಳಲು ಆಗುವುದಿಲ್ಲ. ರಿಮಾರ್ಕಬಲ್ 2ಕ್ಕೆ ಪರದೆ ಬೆಳಕೂ ಇಲ್ಲ. ರಾತ್ರಿ ಮಲಗಿಕೊಂಡು ಓದುವವರು ಇದನ್ನು ಮರೆಯಬಾರದು. ಆಂಡ್ರಾಯ್ಡ್ ಮೇಲೆ ನಡೆಯುವ ಓನಿಕ್ಸ್ ಬೂಕ್ಸ್‌ನಲ್ಲಿ ಪ್ಲೇ ಸ್ಟೋರ್ ಸಿಗುತ್ತದೆ. ಅದಕ್ಕೆ ತೆರುವ ಬೆಲೆ ಬ್ಯಾಟರಿ. ಇ-ಇಂಕ್ ಪರದೆಗೆ ಪುಟ ಬದಲಾಗುವಾಗ ಮಾತ್ರ ಕರೆಂಟು ಬೇಕು, ನಿಜ. ಆದರೆ ಹಿಂದೆ ಓಡುವ ಆ್ಯಪ್, ವೈಫೈ, ಬೆಳಕು ಸುಮ್ನೆ ಇರುವುದಿಲ್ಲವಲ್ಲ.

ಬಣ್ಣದ ಪರದೆ ಬೇಕಾ? ಕಾಲಿಡೋ 3 ಅನ್ನುವ ಬಣ್ಣದ ಇ-ಇಂಕ್ ಪರದೆಯಲ್ಲಿ ಕಪ್ಪು-ಬಿಳುಪು ಇಂಚಿಗೆ 300 ಚುಕ್ಕೆ, ಬಣ್ಣ 150 ಮಾತ್ರ. ಮೇಲೆ ಬಣ್ಣದ ಪದರ ಇರುವುದರಿಂದ ಪುಟ ಬೂದಿಬಣ್ಣಕ್ಕೆ ತಿರುಗಿ ಮಂಕಾಗುತ್ತದೆ. ಹಳೆಯ ಸ್ಕ್ಯಾನ್ ಮೊದಲೇ ಮಂಕು. ಕೆಂಪು ಶಾಯಿಯ ಆಸೆಗೆ ಬಿದ್ದು ಅದನ್ನು ಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ.

ಕೈಬರಹವನ್ನು ಟೈಪ್ ಮಾಡಿಕೊಡುತ್ತದೆ ಅನ್ನುವ ಜಾಹೀರಾತಿಗೆ ಮರುಳಾಗುವ ಮೊದಲು ಭಾಷೆಗಳ ಪಟ್ಟಿ ತೆಗೆದು ನೋಡಿ. ಕನ್ನಡ ಇಲ್ಲದಿದ್ದರೆ ಆ ಸೌಲಭ್ಯ ಇದೆ ಅಂತ ಜಾಸ್ತಿ ದುಡ್ಡು ಕೊಡಬೇಡಿ.

ಇನ್ನು ಪೆನ್ನು. ಚಾರ್ಜ್ ಬೇಡದ ವಾಕೋಮ್ ಮಾದರಿಯ ಪೆನ್ನು ಇದ್ದರೆ ಒಳ್ಳೆಯದು. ಮೊನೆ ಸವೆಯುತ್ತದೆ, ಬದಲಿ ಮೊನೆ ಇಲ್ಲಿ ಸಿಗುತ್ತದಾ ವಿಚಾರಿಸಿ. ಅಂಗಡಿಯಲ್ಲೋ ಗೆಳೆಯರ ಹತ್ತಿರವೋ ಸಾಧನ ಕೈಗೆ ಸಿಕ್ಕರೆ ನಿಮ್ಮದೇ ಒಂದು ಕನ್ನಡ ಪಿಡಿಎಫ್ ಹಾಕಿ ನೋಡಿ. ಅಂಚಿನಲ್ಲಿ ನಾಲ್ಕು ಸಾಲು ಬರೆದು, ಹೊರಗೆ ಕಳಿಸಿ, ಕಂಪ್ಯೂಟರಿನಲ್ಲಿ ತೆರೆಯಿರಿ. ಬರೆದದ್ದು ಬರೆದ ಜಾಗದಲ್ಲೇ ಕಾಣಬೇಕು. ಕೆಲವು ಸಲ ಗುರುತು ಸಾಧನದೊಳಗೇ ಉಳಿದು ಪಿಡಿಎಫ್ ಖಾಲಿಯಾಗಿ ಹೋಗುತ್ತದೆ. ಆಮೇಲೆ ‘ತಿದ್ದುಪಡಿ ಏನೂ ಇಲ್ವಾ ಸಾರ್?’ ಅಂತ ಡಿಟಿಪಿ ಮಾಡುವವರಿಂದ ಫೋನು ಬರುತ್ತದೆ.