ಜಾಕ್ ಕೊಡುವ ಮೊದಲು ಅಂಗಳ ನೋಡಿ

ಬೊಲೆರೊ ಇರಲಿ, ಥಾರ್ ಇರಲಿ, ಕ್ರೆಟಾ ಇರಲಿ, ಮಲೆನಾಡಿನ ಒಂಟಿ ಮನೆಗಳಲ್ಲಿ ಸಣ್ಣಪುಟ್ಟ ರಿಪೇರಿ ಅಂಗಳದಲ್ಲೇ ಆಗಬೇಕು. ಪ್ರತಿ ಸಲ ತೀರ್ಥಹಳ್ಳಿಗೋ ಶಿವಮೊಗ್ಗಕ್ಕೋ ಒಯ್ಯಲಾಗುವುದಿಲ್ಲ. ಗಾಡಿ ಜಾಕ್‌ನಿಂದ ಜಾರಿದರೆ ಎಲ್ಲರೂ ಜಾಕನ್ನು ಬೈಯುತ್ತಾರೆ. ಮೊದಲು ನೋಡಬೇಕಾದದ್ದು ಅದರ ಬುಡದ ನೆಲ.

ಒಂದು ಲೆಕ್ಕ ಹಾಕಿ. ಬಾಟಲ್ ಜಾಕಿನ ಪಾದ ಹೆಚ್ಚುಕಡಿಮೆ 10 ಸೆಂ.ಮೀ. ಚೌಕ. ಅದರ ಮೇಲೆ 700 ಕೆ.ಜಿ. ಬಿದ್ದರೆ ಒಂದು ಚದರ ಸೆಂಟಿಮೀಟರಿಗೆ 7 ಕೆ.ಜಿ. ಒತ್ತಡ. ಬೇಸಿಗೆಯಲ್ಲಿ ಗಟ್ಟಿಯಾಗಿ ನಿಲ್ಲುವ ಜಂಬಿಟ್ಟಿಗೆ ಮಣ್ಣು, ಆಷಾಢದ ಮಳೆ ಕುಡಿದ ಮೇಲೆ ಇಷ್ಟನ್ನು ತಡೆಯುವುದಿಲ್ಲ. ಜಾಕ್ ನೇರವಾಗಿ ಇಳಿದರೆ ಪುಣ್ಯ, ಸಾಮಾನ್ಯವಾಗಿ ಒಂದು ಮಗ್ಗುಲಿಗೆ ವಾಲಿಕೊಂಡು ಇಳಿಯುತ್ತದೆ. ಅದೇ ಪಾದದಡಿ 30 ಸೆಂ.ಮೀ. ಚೌಕದ, 2 ಇಂಚು ದಪ್ಪದ ಮತ್ತಿ ಅಥವಾ ಹೊನ್ನೆ ಹಲಗೆ ಇಟ್ಟರೆ ಒತ್ತಡ 1 ಕೆ.ಜಿ.ಗೂ ಕೆಳಗೆ ಬರುತ್ತದೆ. 18 ಎಂ.ಎಂ. ಪ್ಲೈವುಡ್ಡನ್ನು ಎರಡು ಪದರ ಸೇರಿಸಿ ಸ್ಕ್ರೂ ಹಾಕಿದರೂ ಆದೀತು. ಕೈಗೆ ಸಿಕ್ಕಿತೆಂದು ಅಡಿಕೆ ದಬ್ಬೆ ಮಾತ್ರ ಇಡಬೇಡಿ, ನಾರಿನ ಗುಂಟ ಸೀಳಿಬಿಡುತ್ತದೆ.

ಅಡಿಕೆ ಒಣಗಿಸುವ ಸಿಮೆಂಟ್ ಕಣ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಮಳೆಗಾಲದ ಪಾಚಿಯನ್ನು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಒಣಗಿಸಿಕೊಳ್ಳಿ. ನೀರು ಹರಿಯಲೆಂದು ನಮ್ಮ ಅಂಗಳಗಳಿಗೆ ಇಳಿಜಾರು ಕೊಟ್ಟಿರುತ್ತಾರೆ. ಒಂದು ಮೀಟರ್ ಉದ್ದದ ಪಟ್ಟಿಯ ಮೇಲೆ ಗಾರೆಯವರ ರಸಮಟ್ಟ ಇಟ್ಟು ನೋಡಿ. ಮೀಟರಿಗೆ 2 ಸೆಂ.ಮೀ.ಗಿಂತ ಹೆಚ್ಚು ಇಳಿಜಾರಿದ್ದರೆ ಅಲ್ಲಿ ಗಾಡಿ ಎತ್ತುವ ಕೆಲಸ ಬೇಡ.

ಎತ್ತುವ ಅಗತ್ಯವೇ ಇದೆಯೇ ಎಂದೂ ಕೇಳಿಕೊಳ್ಳಿ. ಥಾರ್‌ನ ನೆಲದೆತ್ತರ 226 ಎಂ.ಎಂ. ಅಷ್ಟು ಎತ್ತರದ ಗಾಡಿಯಲ್ಲಿ ಆಯಿಲ್ ಬದಲಿಸಲು ಮಲಗಿ ಕೈ ಚಾಚಿದರೆ ಡ್ರೈನ್ ಬೋಲ್ಟ್ ಸಿಗುತ್ತದೆ. ಎತ್ತದೆ ಮಾಡುವ ಕೆಲಸವೇ ಎಲ್ಲಕ್ಕಿಂತ ಸುರಕ್ಷಿತ, ಗಾಡಿ ಸಮತಟ್ಟಾಗಿ ನಿಂತಿದ್ದರೆ ಹಳೆಯ ಆಯಿಲ್ ಕೂಡ ಪೂರ್ತಿ ಇಳಿಯುತ್ತದೆ.

ಎತ್ತಲೇಬೇಕೆಂದರೆ ಮೊದಲು ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರ್‌ಗೆ ಹಾಕಿ, ಆಟೊಮ್ಯಾಟಿಕ್ ಆದರೆ ‘ಪಿ’ಗೆ ತನ್ನಿ. ಇಷ್ಟಕ್ಕೇ ನಂಬಿ ಕೂರುವಂತಿಲ್ಲ. ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ಹಿಂಭಾಗ ಪೂರ್ತಿ ಎತ್ತಿದಿರೋ, ಅದು ಇದ್ದೂ ಇಲ್ಲದ ಹಾಗೆ. ಗೇರ್ ಹಿಡಿಯುವುದು ಎಂಜಿನ್ ತಿರುಗಿಸುವ ಚಕ್ರಗಳನ್ನು. ಎಂಜಿನ್ ಹಿಂದಿನ ಚಕ್ರಗಳನ್ನು ತಿರುಗಿಸುವ ಬೊಲೆರೊ ತರಹದ ಗಾಡಿಯಲ್ಲಿ ಹಿಂದಿನ ಒಂದೇ ಚಕ್ರ ನೆಲ ಬಿಟ್ಟರೂ, ಎರಡು ಚಕ್ರಗಳಿಗೆ ತಿರುವು ಹಂಚುವ ಡಿಫರೆನ್ಷಿಯಲ್ ಆ ಚಕ್ರವನ್ನು ಸುಮ್ಮನೆ ತಿರುಗಲು ಬಿಡುತ್ತದೆ, ಗೇರ್‌ನ ಹಿಡಿತ ಅಲ್ಲಿಗೆ ಮುಗಿಯಿತು. ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುವ ಕ್ರೆಟಾ, ಬ್ರೆಝಾಗಳ ಮುಂಭಾಗ ಎತ್ತಿದಾಗಲೂ ಹೀಗೇ. ಆದ್ದರಿಂದ ನೆಲದಲ್ಲಿ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಬೆಣೆ ಕೊಡಬೇಕು. ದುಂಡು ಕಲ್ಲು ಉರುಳುತ್ತದೆ. 4 ಇಂಚು ದಪ್ಪದ ತೊಲೆಯ ತುಂಡನ್ನು ಓರೆಯಾಗಿ ಕೊಯ್ಸಿ ಇಟ್ಟುಕೊಳ್ಳಿ.

ಚಕ್ರ ನೆಲದಲ್ಲಿರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಬೇಕು. ನಮ್ಮ ತೇವಕ್ಕೆ ಅಲಾಯ್ ಚಕ್ರ ಹಬ್‌ಗೆ ತುಕ್ಕಿನಿಂದ ಕಚ್ಚಿಕೊಂಡಿರುವುದು ತೀರಾ ಸಾಮಾನ್ಯ. ಗಾಡಿ ಎತ್ತಿದ ಮೇಲೆ ಅದನ್ನು ಒದ್ದು ಬಿಡಿಸಲು ಹೋಗಬೇಡಿ, ಆ ಒದೆ ಜಾಕನ್ನೇ ಕೆಡವೀತು. ಅನುಮಾನವಿದ್ದರೆ ಬೆಣೆ ಕೊಡುವ ಮೊದಲೇ ನಟ್ ಅರ್ಧ ಸುತ್ತು ಸಡಿಲಿಸಿ, ಗಾಡಿಯನ್ನು ಅರ್ಧ ಮೀಟರ್ ಮೆಲ್ಲಗೆ ಹಿಂದೆ ಮುಂದೆ ಸರಿಸಿ, ಬ್ರೇಕ್ ಮುಟ್ಟಿಸಿ. ಕಚ್ಚಿದ್ದು ಬಿಡುತ್ತದೆ.

ಇನ್ನು ಜಾಕ್. ಗಾಡಿಯ ಜೊತೆ ಬರುವ ಕತ್ತರಿ ಜಾಕ್ ಸ್ಟೆಪ್ನಿ ಹಾಕಲಿಕ್ಕಷ್ಟೇ. ಮನೆ ಕೆಲಸಕ್ಕೆ 3 ಟನ್ನಿನ ಟ್ರಾಲಿ ಜಾಕ್ ಒಳ್ಳೆಯದು. ಎಸ್‌ಯುವಿಯ ಸಸ್ಪೆನ್ಷನ್ ಉದ್ದ, ಬಾಡಿ ಮೇಲೇರಿದರೂ ಚಕ್ರ ಕೆಳಗೇ ಜೋತುಬೀಳುತ್ತದೆ. ಹಾಗಾಗಿ 45ರಿಂದ 50 ಸೆಂ.ಮೀ. ಏರುವ ಜಾಕ್ ಬೇಕು. ಟ್ರಾಲಿ ಜಾಕಿನ ತೋಳು ಕಮಾನಿನ ದಾರಿಯಲ್ಲಿ ಏರುತ್ತದೆ. ಅದಕ್ಕೆ ಸರಿಯಾಗಿ ಜಾಕಿನ ಗಾಲಿಗಳು ಗಾಡಿಯ ಕಡೆಗೆ ಉರುಳಬೇಕು. ಮಣ್ಣಿನಲ್ಲಿ ಗಾಲಿ ಹೂತರೆ ಜಾಕ್ ಸರಿಯುವುದಿಲ್ಲ, ಬದಲಿಗೆ ಮೇಲಿನ ಬಟ್ಟಲು ಜಾರುತ್ತದೆ ಇಲ್ಲವೇ ಗಾಡಿಯೇ ಎಳೆದುಕೊಂಡು ಬರುತ್ತದೆ. ಮಣ್ಣಿನ ಅಂಗಳದಲ್ಲಿ ಜಾಕ್ ಉರುಳಲು ಜಾಗವಿರುವಷ್ಟು ಉದ್ದದ ಹಲಗೆ ಹಾಸಿ.

ಜಾಕ್ ಎಲ್ಲಿ ಕೊಡಬೇಕೆಂಬುದು ಗಾಡಿಯ ಕೈಪಿಡಿಯಲ್ಲಿದೆ, ಅದೇ ಅಂತಿಮ. ಚಾಸಿಯಿರುವ ಗಾಡಿಗಳಲ್ಲಿ ಸಾಮಾನ್ಯವಾಗಿ ಚಾಸಿಯ ಉದ್ದ ತೊಲೆ, ಹಿಂದೆ ಸ್ಪ್ರಿಂಗ್ ಪಕ್ಕದ ಆಕ್ಸಲ್ ಕೊಳವೆ. ಕೊಳವೆಯ ಮೇಲೆ ಬ್ರೇಕ್ ಪೈಪ್ ಹಾದುಹೋಗಿರುತ್ತದೆ, ಕೈಯಾಡಿಸಿ ನೋಡಿ. ಕ್ರೆಟಾದಂಥವುಗಳಲ್ಲಿ ಬಾಗಿಲ ಕೆಳಗಿನ ತಗಡಿನ ಅಂಚಿನಲ್ಲಿ ಗುರುತು ಮಾಡಿದ ಜಾಗ. ಕೆಸರು ಕೂತು ಒಳಗೆ ತುಕ್ಕು ತಿಂದಿದ್ದರೆ ಆ ಅಂಚು ಮಡಚಿಕೊಳ್ಳುತ್ತದೆ, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ಪರೀಕ್ಷಿಸಿ. ಆಯಿಲ್ ಸಂಪ್, ಗೇರ್‌ಬಾಕ್ಸ್, ಪ್ಲಾಸ್ಟಿಕ್ ಕವಚಗಳಿಗೆ ಜಾಕ್ ತಾಗಿಸಲೇಬಾರದು.

ಗಾಡಿಯೊಳಗೆ ಯಾರೂ ಇರಕೂಡದು. 5 ಸೆಂ.ಮೀ. ಎತ್ತಿ ನಿಲ್ಲಿಸಿ, ಹಲಗೆ ಕುಸಿದಿದೆಯೇ, ಜಾಕ್ ವಾಲಿದೆಯೇ ನೋಡಿ. ಸರಿಯಿದ್ದರೆ ಮುಂದುವರಿಸಿ, ಜಾಕ್ ಸ್ಟ್ಯಾಂಡ್ (ಎತ್ತಿದ ಗಾಡಿಯ ಭಾರ ಹೊರುವ ಲೋಹದ ಊರೆ) ಇಟ್ಟು ಭಾರವನ್ನು ಅದರ ಮೇಲೆ ಇಳಿಸಿ. ಹೈಡ್ರಾಲಿಕ್ ಜಾಕಿನ ಒಂದು ಸಣ್ಣ ಸೀಲ್ ಸೋರಿದರೆ ಸಾಕು, ಗಾಡಿ ಕೆಳಗಿಳಿಯುತ್ತದೆ. ಸ್ಟ್ಯಾಂಡ್ ಇಲ್ಲದೆ ಕೈ ಕೂಡ ಒಳಗೆ ಹಾಕಬೇಡಿ. ಸ್ಟ್ಯಾಂಡ್ ಕೊಳ್ಳುವಾಗ ಬರೆದಿರುವ ಟನ್ ಒಂದಕ್ಕೋ ಜೋಡಿಗೋ ಕೇಳಿ. ಜಂಬಿಟ್ಟಿಗೆ ಕಲ್ಲು, ಟೊಳ್ಳು ಸಿಮೆಂಟ್ ಇಟ್ಟಿಗೆ ಪೇರಿಸಿ ಕೆಳಗೆ ನುಗ್ಗುವವರಿದ್ದಾರೆ. ಕಬ್ಬಿಣದ ಚೂಪು ಅಂಚು ಒತ್ತಿದರೆ ಮೊದಲನೆಯದರ ಮೂಲೆ ಉದುರುತ್ತದೆ, ಎರಡನೆಯದು ಸದ್ದು ಕೊಡದೆ ಒಮ್ಮೆಗೇ ಒಡೆಯುತ್ತದೆ. ದಯವಿಟ್ಟು ಬೇಡ.

ಸ್ಟ್ಯಾಂಡ್ ಮೇಲೆ ಕೂತ ಗಾಡಿಯನ್ನು ಪಕ್ಕದಿಂದ ಕೈಯಲ್ಲಿ ಗಟ್ಟಿಯಾಗಿ ಅಲುಗಾಡಿಸಿ. ಜಾರುವುದಿದ್ದರೆ ನೀವು ಹೊರಗಿರುವಾಗಲೇ ಜಾರಲಿ. ಬಿಚ್ಚಿದ ಚಕ್ರವನ್ನೂ ಸ್ಟೆಪ್ನಿಯನ್ನೂ ಬಾಗಿಲ ಕೆಳಗಿನ ಅಂಚಿನಡಿ ಮಲಗಿಸಿಡಿ. ಎಲ್ಲ ಕೈಕೊಟ್ಟರೂ ಅಷ್ಟು ಸಂದು ಉಳಿಯುತ್ತದೆ.

ಇಳಿಸುವಾಗ ಜಾಕಿನ ವಾಲ್ವನ್ನು ಸ್ವಲ್ಪಸ್ವಲ್ಪವೇ ಬಿಡಿ. ಎದುರು ಬದುರಿನ ನಟ್‌ಗಳನ್ನು ಸರದಿಯಲ್ಲಿ ಬಿಗಿಮಾಡಿ, ಕೊನೆಯ ಬಿಗಿ ಚಕ್ರ ನೆಲಕ್ಕೆ ತಾಗಿದ ಮೇಲೆ. ಎಷ್ಟು ಬಿಗಿಯೆಂಬುದೂ ಕೈಪಿಡಿಯಲ್ಲಿದೆ. ಅದು 100 ನ್ಯೂಟನ್ ಮೀಟರ್ ಎಂದಿದ್ದರೆ, 30 ಸೆಂ.ಮೀ. ಸ್ಪ್ಯಾನರ್ ತುದಿಗೆ ಸುಮಾರು 35 ಕೆ.ಜಿ. ಒತ್ತಿದಷ್ಟು. ಸ್ಪ್ಯಾನರ್ ಮೇಲೆ ಹತ್ತಿ ನಿಂತರೆ ಸ್ಟಡ್ (ನಟ್ ಕೂರುವ ಬೋಲ್ಟ್) ಹಿಗ್ಗುತ್ತದೆ. ಅದರ ತಿರುಪಿನ ಗೆರೆಗಳಿಗೆ ಗ್ರೀಸ್ ಸವರಿದರೂ ಅದೇ ಗತಿ. 50ರಿಂದ 100 ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ. ಜಾಕ್, ಸ್ಟ್ಯಾಂಡ್ ತಾಗಿ ಬಣ್ಣ ಕೆತ್ತಿದ ಜಾಗವನ್ನು ಒರೆಸಿ, ಅಂದೇ ತುಕ್ಕು ತಡೆಯುವ ಪ್ರೈಮರ್ ಹಚ್ಚಿಡಿ.