ಓಡುವ ಕಾಲಿಗೆ ನಡಿಗೆ ಕಲಿಸುವಾಗ

ನನ್ನ ಫಿಸಿಯೋಥೆರಪಿ ಕ್ಲಿನಿಕ್‌ನ ಮೂಲೆಯಲ್ಲಿ ತೂಕ ನೋಡುವ ಎರಡು ಮೆಷಿನ್ ಅಕ್ಕಪಕ್ಕ ಇಟ್ಟಿದ್ದೇನೆ. ಹೊಸದಾಗಿ ಬಂದವರು, 'ಎರಡ್ಯಾಕೆ ಮೇಡಂ, ಒಂದು ಕೆಟ್ಟೋಗಿದ್ಯಾ?' ಅಂತ ಕೇಳುತ್ತಾರೆ. ಕೆಟ್ಟಿಲ್ಲ. ಒಂದು ಎಡಗಾಲಿಗೆ, ಇನ್ನೊಂದು ಬಲಗಾಲಿಗೆ.

ಕಳೆದ ವರ್ಷ ಒಬ್ಬ ಹುಡುಗ ಅವುಗಳ ಮೇಲೆ ನಿಂತ. ಆಪರೇಷನ್ ಆಗಿ ಮೂರು ತಿಂಗಳಾಗಿತ್ತು. ಎಕ್ಸ್‌ರೇ ನೋಡಿದ ಮೂಳೆ ಡಾಕ್ಟರು 'ಇನ್ನು ಪೂರ್ತಿ ಭಾರ ಹಾಕಬಹುದು' ಅಂತ ಬರೆದುಕೊಟ್ಟಿದ್ದರು. 'ಎರಡೂ ಕಾಲಿಗೆ ಸಮ ಭಾರ ಹಾಕಿ ನಿಂತ್ಕೊಳಪ್ಪ' ಅಂದೆ. ನಿಂತ. 'ಸಮ ಹಾಕಿದೀನಿ ಮೇಡಂ' ಅಂದ. ಕೆಳಗೆ ನೋಡಿದರೆ ಎಡಗಡೆ 49 ಕೆಜಿ, ಬಲಗಡೆ 11.

ಹುಡುಗ ಸುಳ್ಳುಗಾರನಲ್ಲ. ಅವನಿಗೆ ನಿಜವಾಗಿಯೂ ಸಮ ಅಂತಲೇ ಅನ್ನಿಸುತ್ತಿತ್ತು. ಮೂರು ತಿಂಗಳು ಒಂದೇ ಕಾಲಿನ ಮೇಲೆ ಬದುಕಿದ ಮೈಗೆ ಅದೇ ನೆಟ್ಟಗೆ ನಿಲ್ಲುವ ಲೆಕ್ಕ ಆಗಿಬಿಟ್ಟಿತ್ತು. ಎಕ್ಸ್‌ರೇಯಲ್ಲಿ ಮೂಳೆ ಕೂಡಿಕೊಂಡಿದೆ ಅಂತ ಡಾಕ್ಟರಿಗೆ ಗೊತ್ತು, ಅವನ ಅಮ್ಮನಿಗೂ ಗೊತ್ತು. ಕಾಲಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ತುಮಕೂರಿನ ಸುತ್ತಮುತ್ತಲ ಊರುಗಳಲ್ಲಿ ಬೆಳಗಿನ ಜಾವ ರಸ್ತೆಗೆ ಬಂದರೆ ಇಂಥ ಹುಡುಗರು ಓಡುತ್ತಿರುವುದು ಕಾಣಿಸುತ್ತದೆ. ಪೊಲೀಸ್ ಕಾನ್‌ಸ್ಟೇಬಲ್ ಕೆಲಸಕ್ಕೆ 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. ಗ್ರೌಂಡ್ ದೂರ, ಸರ್ವಿಸ್ ರೋಡ್ ಹತ್ತಿರ. ಇವನೂ ಹಾಗೇ ಓಡುತ್ತಿದ್ದ, ಕ್ಯಾತ್ಸಂದ್ರದ ಕಡೆ. ಹಿಂದಿನಿಂದ ಬಂದ ಕಾರು ಹೊಡೆದು ನಿಲ್ಲಿಸದೆ ಹೋಯಿತು. ಬಲ ತೊಡೆಯ ಮೂಳೆ ನಡುವೆ ಮುರಿದು ನಾಲ್ಕೈದು ಚೂರಾಗಿತ್ತು.

ಆಪರೇಷನ್‌ಗೆ ಮೊದಲು ಮನೆಯಲ್ಲಿ ಒಂದು ಸುತ್ತು ಜಗಳ. ದೊಡ್ಡಪ್ಪನಿಗೆ ಆಂಧ್ರದ ಪುತ್ತೂರಿಗೆ ಕರೆದುಕೊಂಡು ಹೋಗಿ ಕಟ್ಟು ಕಟ್ಟಿಸಬೇಕು ಅಂತ. ಈ ಕಡೆಯ ಮನೆಗಳಲ್ಲಿ ಪುತ್ತೂರು ಕಟ್ಟಿನ ಮಾತು ಬರದೇ ಇರುವುದಿಲ್ಲ. ಜಾಗ ಬಿಟ್ಟು ಅಲುಗದ ಸಣ್ಣ ಬಿರುಕಿಗೆ ಕಟ್ಟಿಸಿಕೊಂಡು ಸರಿಹೋದವರನ್ನು ನಾನೂ ನೋಡಿದ್ದೇನೆ. ತೊಡೆಮೂಳೆಯ ಕಥೆ ಬೇರೆ. ಅದರ ಸುತ್ತ ಇರುವುದು ಮೈಯಲ್ಲೇ ದೊಡ್ಡ ಸ್ನಾಯುಗಳು. ಮೂಳೆ ತುಂಡಾದ ಕೂಡಲೇ ಅವು ಎರಡು ತುದಿಯನ್ನೂ ಎಳೆದು ಒಂದರ ಮೇಲೊಂದು ಏರಿಸಿಬಿಡುತ್ತವೆ. ಹೊರಗಿನ ಕಟ್ಟು, ಎಣ್ಣೆ ಯಾವುದೂ ಆ ಎಳೆತವನ್ನು ತಡೆಯಲಾರವು. ಕಾಲು ಗಿಡ್ಡವಾಗಿ ಕೂಡಿಕೊಂಡರೆ ಓಟ ಹಾಗಿರಲಿ, ನಡಿಗೆಯೇ ಸೊಟ್ಟ. ಕೊನೆಗೆ ಮೂಳೆಯ ಪೊಳ್ಳಿನೊಳಗೆ ರಾಡ್ ಹಾಕಿ ಮೇಲೆ ಕೆಳಗೆ ಸ್ಕ್ರೂ ಬಿಗಿದರು. ಜರ್ಮನಿಯ ಗೆರ್ಹಾರ್ಡ್ ಕುಂಟ್ಶರ್ ಅನ್ನುವ ಸರ್ಜನ್ 1939ರಲ್ಲಿ ಶುರುಮಾಡಿದ ದಾರಿ ಇದು. ಅದಕ್ಕೆ ಮೊದಲು ತೊಡೆ ಮುರಿದವರು ಕಾಲಿಗೆ ತೂಕ ಕಟ್ಟಿಸಿಕೊಂಡು ತಿಂಗಳುಗಟ್ಟಲೆ ಹಾಸಿಗೆಯಲ್ಲೇ ಇರಬೇಕಿತ್ತು.

ರಾಡ್ ಮೂಳೆಯನ್ನು ಕೂಡಿಸುವುದಿಲ್ಲ. ಸುಮ್ನೆ ಹಿಡಿದುಕೊಂಡಿರುತ್ತದೆ, ಅಷ್ಟೇ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರದಲ್ಲಿ ಮೆತ್ತನೆಯ ಅಂಟು ಬೆಳೆಯುತ್ತದೆ. ಆಮೇಲೆ ಅದು ನಿಧಾನಕ್ಕೆ ಗಟ್ಟಿಯಾಗುತ್ತದೆ. ತೊಡೆಮೂಳೆ ಕೂಡಿಕೊಳ್ಳೋಕೆ ಮೂರರಿಂದ ಆರು ತಿಂಗಳು ಬೇಕು. ಬೀಡಿ ಸಿಗರೇಟು ಇದ್ದರೆ ಇನ್ನೂ ಜಾಸ್ತಿ. ಮನೆಯವರು ಕಾಲು ಸೂಪ್ ಕುಡಿಸಿದರು, ರಾಗಿ ಮುದ್ದೆ ತಿನ್ನಿಸಿದರು. ಮುದ್ದೆ ಒಳ್ಳೆಯದೇ. 100 ಗ್ರಾಂ ರಾಗಿಯಲ್ಲಿ ಹೆಚ್ಚುಕಮ್ಮಿ 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಆದರೆ ಜೊತೆಗೆ ಮೊಟ್ಟೆ, ಹುರುಳಿ, ಅವರೆ ಬೇಕು. ಬರೀ ಸೂಪ್ ಕುಡಿದರೆ ಸ್ನಾಯು ಬೆಳೆಯುವುದಿಲ್ಲ. ಮೂಳೆಗೆ ಇನ್ನೊಂದು ಆಹಾರ ಭಾರ. ಭಾರ ಬಿದ್ದ ಕಡೆ ಮೂಳೆ ಗಟ್ಟಿಯಾಗುತ್ತದೆ, ಬೀಳದ ಕಡೆ ಸವೆಯುತ್ತದೆ ಅಂತ ಜರ್ಮನಿಯ ಸರ್ಜನ್ ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದಿಟ್ಟರು. ಆದ್ದರಿಂದ 'ಕಾಲು ಊರಬೇಡ, ಮಲಕ್ಕೋ' ಅನ್ನುವ ಪ್ರೀತಿ ಒಂದು ಹಂತದ ಮೇಲೆ ಕೆಡುಕು. ಯಾವ ವಾರ ಎಷ್ಟು ಭಾರ ಅನ್ನುವುದನ್ನು ಮಾತ್ರ ಆಪರೇಷನ್ ಮಾಡಿದವರೇ ಹೇಳಬೇಕು. ಇವನಿಗೆ ಚೂರುಗಳು ಜಾಸ್ತಿ ಇದ್ದದ್ದರಿಂದ ಮೊದಲ ಆರು ವಾರ ಬೆರಳು ನೆಲಕ್ಕೆ ತಾಗಿಸುವಷ್ಟೇ.

ನನ್ನ ಹತ್ತಿರ ಬಂದಾಗ ಟೇಪು ಹಿಡಿದು ತೊಡೆ ಅಳೆದೆ. ಮಂಡಿಚಿಪ್ಪಿನಿಂದ 15 ಸೆಂಟಿಮೀಟರ್ ಮೇಲೆ, ಎಡಕ್ಕಿಂತ ಬಲ ನಾಲ್ಕು ಸೆಂಟಿಮೀಟರ್ ಕಡಿಮೆ. ಓಡುವವನ ತೊಡೆ ಅದು! ಮುಟ್ಟಿದರೆ ಹಿಟ್ಟಿನ ಹಾಗೆ. ಮಂಡಿ ಕೆಳಗೆ ಟವೆಲ್ ಸುತ್ತಿಟ್ಟು, 'ಇದನ್ನ ಮಂಚಕ್ಕೆ ಒತ್ತು' ಅಂದೆ. ಹಲ್ಲು ಕಚ್ಚಿದ, ಕತ್ತಿನ ನರ ಉಬ್ಬಿತು, ತೊಡೆ ಅಲುಗಲಿಲ್ಲ. ಮಂಡಿಯಲ್ಲಿ ಬಾವು ಇದ್ದರೆ ತೊಡೆಯ ಮುಂಭಾಗದ ಸ್ನಾಯುವಿಗೆ ಮೆದುಳಿನ ಅಪ್ಪಣೆ ಸರಿಯಾಗಿ ತಲುಪುವುದಿಲ್ಲ. ಸೋಮಾರಿತನ ಅಲ್ಲ ಅದು. ಬಂದವರೆಲ್ಲ ಮೊದಲು ಕೇಳುವುದು, 'ಕರೆಂಟ್ ಕೊಡಲ್ವಾ ಮೇಡಂ?' ಅಂತ. ಕೊಡುತ್ತೇನೆ, ಮಲಗಿದ ಸ್ನಾಯುವನ್ನು ಎಬ್ಬಿಸೋಕೆ. ಎದ್ದ ಮೇಲೆ ದುಡಿಯಬೇಕಾದ್ದು ಅವರೇ. ಇದನ್ನು ಹೇಳಿದಾಗ ಕೆಲವರಿಗೆ ಕೊಟ್ಟ ಫೀಸು ದಂಡ ಅನ್ನಿಸುತ್ತದೆ.

ಮಂಡಿ ಮಡಿಸುವುದೇ ಎಲ್ಲಕ್ಕಿಂತ ದೊಡ್ಡ ಯುದ್ಧ. ನೆಟ್ಟಗೆ ನಡೆಯಲು 60-65 ಡಿಗ್ರಿ ಮಡಿಚಿದರೆ ಸಾಕು. ಕುರ್ಚಿಯಿಂದ ಏಳಲು 90ಕ್ಕೂ ಜಾಸ್ತಿ. ನಮ್ಮ ಹಳ್ಳಿ ಕಕ್ಕಸಿನಲ್ಲಿ ಕುಕ್ಕರಗಾಲಲ್ಲಿ ಕೂರಲು, ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಲು ಅದಕ್ಕಿಂತ ಎಷ್ಟೋ ಹೆಚ್ಚು. ಇದನ್ನು ಯೋಚಿಸುವಾಗ ನನಗೆ ನೆನಪಾಗುವುದು ಅಮೆರಿಕದ ಬೆಟ್ಟಿ ರಾಬಿನ್ಸನ್. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಮೊದಲ ಸಲ 100 ಮೀಟರ್ ಓಟ ಇಟ್ಟಾಗ ಗೆದ್ದ 16 ವರ್ಷದ ಹುಡುಗಿ. 1931ರಲ್ಲಿ ವಿಮಾನ ಬಿದ್ದು ಕಾಲು ನಜ್ಜುಗುಜ್ಜಾಯಿತು. ನಡೆದಳು, ಓಡಿದಳು, ಆದರೆ ಮಂಡಿ ಪೂರ್ತಿ ಮಡಿಚಲಿಲ್ಲ. ಕುಕ್ಕರಿಸಿ ಓಟ ಶುರುಮಾಡಲು ಆಗಲಿಲ್ಲ. ಅದಕ್ಕೇ 1936ರಲ್ಲಿ ಬರ್ಲಿನ್‌ನಲ್ಲಿ ನಿಂತೇ ಬ್ಯಾಟನ್ ಹಿಡಿಯಬಹುದಾದ ರಿಲೇಗೆ ಇಳಿದಳು. ಮತ್ತೆ ಚಿನ್ನ. ಹುಡುಗನಿಗೆ ಈ ಕಥೆ ಹೇಳಿದೆ. 'ಪೊಲೀಸ್ ಕೆಲ್ಸಕ್ಕೆ ರಿಲೇ ಇಲ್ವಲ್ಲ ಮೇಡಂ' ಅಂದ!

ಊರುಗೋಲಿನ ಬಗ್ಗೆ ಒಂದು ಮಾತು, ಯಾಕೆಂದರೆ ಹತ್ತರಲ್ಲಿ ಎಂಟು ಜನ ತಪ್ಪಾಗಿ ಹಿಡಿದೇ ಒಳಗೆ ಬರುತ್ತಾರೆ. ಅದು ಕಂಕುಳಲ್ಲಿ ಜೋತುಬೀಳುವ ಸಾಮಾನಲ್ಲ. ಕಂಕುಳಿಗೂ ಅದಕ್ಕೂ ಮಧ್ಯೆ ಎರಡು ಮೂರು ಬೆರಳು ಜಾಗ ಇರಬೇಕು, ಭಾರವೆಲ್ಲ ಅಂಗೈ ಮೇಲೆ. ಇಲ್ಲವೆಂದರೆ ಕಂಕುಳ ನರ ಒತ್ತಿ ಕೈ ಜೋಮು ಹಿಡಿಯುತ್ತದೆ, ಕಾಲು ಸರಿಮಾಡಲು ಹೋಗಿ ಕೈ ಕಳೆದುಕೊಂಡಂತೆ. ಮೆಟ್ಟಿಲು ಹತ್ತುವಾಗ ಮೊದಲು ಒಳ್ಳೇ ಕಾಲು, ಇಳಿಯುವಾಗ ಮೊದಲು ಪೆಟ್ಟಾದ ಕಾಲು. ಒಂಟಿ ಕೋಲಿಗೆ ಬಂದಾಗ ಅದು ಪೆಟ್ಟಾಗದ ಕಡೆಯ ಕೈಯಲ್ಲಿರಬೇಕು. ನೋವಿರುವ ಕಡೆ ಹಿಡಿಯಬೇಕು ಅಂತಲೇ ಎಲ್ಲರ ಮನಸ್ಸು ಹೇಳುವುದು.

ಈ ಕೋಲಿನ ವಿಷಯದಲ್ಲಿ ನಾನೇ ಎಡವಿದೆ. ತೂಕದ ಮೆಷಿನ್ ಮೇಲೆ ಎರಡೂ ಕಡೆ 30 ತೋರಿಸಿದ ದಿನ ಅವನು, 'ಕೋಲು ಬೇಡ ಮೇಡಂ, ನಾಚ್ಕೆ ಆಗುತ್ತೆ' ಅಂದ. ಆಯಿತು ಅಂದುಬಿಟ್ಟೆ. ನಿಲ್ಲುವುದೇ ಬೇರೆ, ನಡೆಯುವುದೇ ಬೇರೆ. ನಡೆಯುವಾಗ ಪ್ರತಿ ಹೆಜ್ಜೆಗೂ ಒಂದು ಕ್ಷಣ ಇಡೀ ಮೈ ಒಂದೇ ಕಾಲಿನ ಮೇಲೆ ಇರುತ್ತದೆ. ಆಗ ಸೊಂಟ ಜಾರದಂತೆ ಹಿಡಿಯುವ ಪಕ್ಕದ ಸ್ನಾಯು ಅವನಿಗಿನ್ನೂ ಬಲಿತಿರಲಿಲ್ಲ. ಹತ್ತು ದಿನದಲ್ಲಿ ಬಲಕ್ಕೆ ವಾಲಿ ವಾಲಿ ನಡೆಯುವುದು ರೂಢಿಯಾಯಿತು. ನನಗೆ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯಿತು. ಬೆನ್ನು ತಿರುಗಿಸಿ ಕೂತಿದ್ದಾಗ ಕಾರಿಡಾರಿನಲ್ಲಿ ಚಪ್ಪಲಿ ಸದ್ದು: ಒಂದು ಉದ್ದ, ಒಂದು ಗಿಡ್ಡ. ಮತ್ತೆ ಕೋಲು ಕೊಟ್ಟೆ. ಕುಂಟು ಬಿಡಿಸಲು ಐದು ವಾರ ಹಿಡಿಯಿತು. ಬೇಗ ಬಿಟ್ಟ ಕೋಲು ತಡವಾಗಿ ಬಿಟ್ಟ ಕೋಲಿಗಿಂತ ದುಬಾರಿ.

ಸಾಮಾನ್ಯವಾಗಿ ನನ್ನ ಕೆಲಸ ಜನರನ್ನು ತಳ್ಳುವುದು. ಓಟಗಾರರನ್ನು ಹಿಡಿದು ನಿಲ್ಲಿಸಬೇಕು. ನೋವು ಬಂದಾಗ ನಿಲ್ಲಿಸಬಾರದು ಅಂತ ವರ್ಷಗಟ್ಟಲೆ ಕಲಿತ ಮೈ ಅದು. ಒಂದು ಸೋಮವಾರ ಮಂಡಿ ಕುಂಬಳಕಾಯಿಯ ಹಾಗೆ ಊದಿಸಿಕೊಂಡು ಬಂದ. ಅವನು ಬಾಯಿ ಬಿಡಲಿಲ್ಲ, ಅಮ್ಮ ಹೇಳಿದರು: ಭಾನುವಾರ ಅಮಾನಿಕೆರೆಯ ಸುತ್ತ ಬಿರುಸಾಗಿ ನಡೆದಿದ್ದಾನೆ, ಒಂದಲ್ಲ, ಮೂರು ಸುತ್ತು. ಆವತ್ತು ಅವನಿಗೆ ನೋವಿನ ಲೆಕ್ಕ ಹೇಳಿಕೊಟ್ಟೆ. ಸ್ನಾಯು ಸೆಳೆದು ಮರುದಿನ ಬೆಳಗ್ಗೆಯೊಳಗೆ ಇಳಿದರೆ ಅದು ಕೂಲಿ ನೋವು, ಪರವಾಗಿಲ್ಲ. ಮರುದಿನವೂ ಉಳಿದರೆ, ಊದಿಕೊಂಡರೆ ಮಾಡಿದ್ದು ಜಾಸ್ತಿ ಆಯಿತು, ಅರ್ಧಕ್ಕೆ ಇಳಿಸು. ಮುರಿದ ಜಾಗದಲ್ಲೇ ಚುಚ್ಚಿದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸು. ಮೀನಖಂಡ ಊದಿ ಬಿಸಿಯಾದರೆ, ಉಸಿರು ಕಟ್ಟಿದರೆ, ಹೊಲಿಗೆ ಜಾಗ ಸೋರಿದರೆ ನನಗೆ ಫೋನ್ ಮಾಡಬೇಡ, ನೇರ ಆಸ್ಪತ್ರೆಗೆ ಹೋಗು.

ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಭಾರ ಕಾಲಿಗೆ ಬೀಳುತ್ತದೆ. ಹಾಗಾಗಿ ಕುಂಟದೆ ಅರ್ಧ ಗಂಟೆ ನಡೆಯಬೇಕು, ಒಂಟಿ ಬಲಗಾಲಲ್ಲಿ ಇಪ್ಪತ್ತು ಸಲ ಹಿಮ್ಮಡಿ ಎತ್ತಬೇಕು, ಮೆಟ್ಟಿಲಿಂದ ಒಂಟಿ ಕಾಲಲ್ಲಿ ಇಳಿಯುವಾಗ ಮಂಡಿ ಒಳಗೆ ವಾಲಬಾರದು ಅಂತ ಶರತ್ತು ಹಾಕಿದ್ದೆ. ಎಂಟನೇ ತಿಂಗಳಲ್ಲಿ, ಎಕ್ಸ್‌ರೇ ನೋಡಿ ಡಾಕ್ಟರು ಹೂಂ ಅಂದ ಮೇಲೆ, ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆಯಿಂದ ಶುರುಮಾಡಿದ. ಅವನ ಅಮ್ಮ ಕಲ್ಲಿನ ಮೆಟ್ಟಿಲ ಮೇಲೆ ಕೂತಿದ್ದರು. 'ನಡಿಯೋದ್ ಕಲಿಸಿದ್ರಲ್ಲ, ಸಾಕಿತ್ತು ಮೇಡಂ' ಅಂದರು. ಸೆರಗನ್ನು ಬಾಯಿಗೆ ಒತ್ತಿಕೊಂಡೇ ಇದ್ದರು.

ಮೊನ್ನೆ 1600 ಮೀಟರ್ ಎಂಟು ನಿಮಿಷಕ್ಕೆ ಬಂದಿದೆ. ಈಗ ದೇವರಾಯನದುರ್ಗ ಹತ್ತಿ ಓಡುತ್ತೇನೆ ಅನ್ನುತ್ತಿದ್ದಾನೆ. ಏರು ಆಮೇಲೆ, ಇಳಿಜಾರಂತೂ ಬೇಡವೇ ಬೇಡ ಅಂದಿದ್ದೇನೆ. ಕೇಳುತ್ತಾನೋ ಇಲ್ಲವೋ, ಸೋಮವಾರ ಮಂಡಿ ನೋಡಿದರೆ ಗೊತ್ತಾಗುತ್ತದೆ.